ಎದ್ದು ಹೋದವನ ಪಾಲು

ನಮ್ಮ ಅಯ್ಯನವರಿಗೆ ಸೋಲು ಒಪ್ಪಿಕೊಳ್ಳುವುದು ಚೆನ್ನಾಗಿ ಬರುತ್ತಿತ್ತು. ತಪ್ಪು ಒಪ್ಪಿಕೊಳ್ಳುವುದು ಮಾತ್ರ ಬರುತ್ತಿರಲಿಲ್ಲ. ಆಟದಲ್ಲಿ ಸೋತರೆ ಕೈಯಲ್ಲಿದ್ದ ಕಾರ್ಡುಗಳನ್ನು ಮೇಜಿನ ಮೇಲೆ ಕವುಚಿ, "ಗೆದ್ದಿ, ಹೋಗು, ಚಾ ಹೇಳಿ ಬಾ" ಎನ್ನುತ್ತಿದ್ದರು. ಆದರೆ ಏನಾದರೂ ತಪ್ಪಿದರೆ ಅದು ಪಂಚಾಂಗದ ತಪ್ಪು, ಗಡಿಯಾರದ ತಪ್ಪು, ಎದುರಿಗೆ ಕುಳಿತವನ ಕಿವಿಯ ತಪ್ಪು.

ಅವರು ತೀರಿಕೊಂಡ ಮೇಲೆ ಖಾನಾಪುರದಲ್ಲಿ ಒಬ್ಬೊಬ್ಬರು ಅವರ ಬಗ್ಗೆ ಆಡುವ ಮಾತು ಕೇಳಿದರೆ, ಯಾರೋ ಗಾಳಿ ಸೇವಿಸಿ ಬದುಕಿದ ಸತ್ಪುರುಷರು ಎನಿಸುತ್ತದೆ. ನಾನು ಹೆಚ್ಚು ಓದಿದವನಲ್ಲ. ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಸಾಮಾನಿನ ಕೋಣೆ ನೋಡಿಕೊಳ್ಳುತ್ತೇನೆ, ಮಾತೂ ಕಡಿಮೆ. ಆದರೆ ಅವರು ಗಾಳಿ ಸೇವಿಸುತ್ತಿರಲಿಲ್ಲ ಎಂಬುದನ್ನಾದರೂ ಯಾರಾದರೂ ಬರೆದಿಡಬೇಕು. ಬೆಳಗಾವಿಯ ಸಿಹಿ ಕುಂದಾ ಸೇವಿಸುತ್ತಿದ್ದರು, ಅದೂ ಪೊಟ್ಟಣದಿಂದ ನೇರವಾಗಿ.

ಅವರು ವೃತ್ತಿಯಿಂದ ಪೂಜೆಯ ಅಯ್ಯನವರು. ಖಾನಾಪುರದ ಮನೆಗಳ ವಾಸ್ತುಶಾಂತಿ, ಬೆಳಗಾವಿಯ ಅಂಗಡಿಗಳ ಲಕ್ಷ್ಮೀಪೂಜೆ, ತೊಟ್ಟಿಲು, ಲಗ್ನ, ಎಲ್ಲಕ್ಕೂ ಅವರೇ. ಕನ್ನಡದ ಮನೆಯಲ್ಲಿ ಕನ್ನಡ, ಮರಾಠಿ ಮನೆಯಲ್ಲಿ ಮರಾಠಿ. "ದೇವರಿಗೆ ಎರಡೂ ತಿಳೀತಾವು, ಬೀಗರಿಗೆ ತಿಳೀಬೇಕಲ್ಲ" ಎನ್ನುತ್ತಿದ್ದರು. ಹೆಗಲಿಗೆ ಒಂದು ಕಾವಿ ಬಣ್ಣದ ಚೀಲ. ಅದರಲ್ಲಿ ವಿಭೂತಿ, ಬಿಲ್ವಪತ್ರೆ, ಒಂದು ತಾಮ್ರದ ತಂಬಿಗೆ, ಕೆಳಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರವತ್ತು ಕಾರ್ಡು. ಒಮ್ಮೆ ಖಾನಾಪುರದ ಬಸ್ಸಿನಲ್ಲಿ ಪತ್ರೆ ತೆಗೆಯಲು ಹೋಗಿ ಕೋರೆಹಲ್ಲಿನ ರಾಕ್ಷಸನ ಕಾರ್ಡು ಹೊರಗೆ ಬಿತ್ತಂತೆ. ಪಕ್ಕದಲ್ಲಿದ್ದ ಹೆಣ್ಣುಮಗಳು ಹೆದರಿ, "ಇದ್ಯಾವ ದೇವರ್ರಿ ಅಯ್ನಾರ?" ಎಂದು ಕೇಳಿದಳು. ಇವರು ಕಾರ್ಡನ್ನು ಎತ್ತಿ ಧೋತರಕ್ಕೆ ಒರೆಸಿಕೊಂಡು, "ನಮ್ಮ ಮನಿದಲ್ಲವಾ, ಬಾಜು ಮನ್ಯಾವ್ರದು" ಎಂದರಂತೆ.

ಕಾರ್ಡು ಅವರಿಗೆ ಅಂಟಿದ್ದು ನಮ್ಮಿಂದ. ಟಿಳಕವಾಡಿಯಲ್ಲಿ ಒಂದು ಆಟಿಕೆ ಸಾಮಾನಿನ ಅಂಗಡಿಯಿದೆ. ಅದರ ಮಾಳಿಗೆಯ ಮೇಲೆ ಒಂದು ಮೇಜು, ನಾಲ್ಕು ಕುರ್ಚಿ. ರವಿವಾರ ಮಧ್ಯಾಹ್ನ ನಾನು ಮತ್ತು ನನ್ನ ತಮ್ಮ ಅಲ್ಲಿ ಆಡುತ್ತಿದ್ದೆವು. ತಮ್ಮ ಕಾಕತಿಯಲ್ಲಿರುತ್ತಾನೆ. ಅವನದೂ ಉದ್ಯಮಬಾಗದಲ್ಲೇ ಕೆಲಸ, ವೆಲ್ಡಿಂಗ್. ಒಂದು ದೀಪಾವಳಿಗೆ ಅಂಗಡಿಯ ಪೂಜೆ ಮುಗಿಸಿದ ಅಯ್ಯನವರು ಫರಾಳದ ತಟ್ಟೆ ಹಿಡಿದುಕೊಂಡೇ ಮೇಲೆ ಬಂದರು.

"ಏನೋ ಇದು, ಇಸ್ಪೀಟೇನು?"

"ಅಲ್ರಿ. ಇದು ಬ್ಯಾರೆ. ಇವು ನನ್ನ ಪ್ರಾಣಿ, ಅವು ಅವನ ಪ್ರಾಣಿ. ಈ ಕಾರ್ಡು ಮಂತ್ರರಿ. ಇದನ್ನ ಹಾಕಿದ್ರ ಅವನ ಪ್ರಾಣಿ ಸಾಯ್ತೈತಿ" ಎಂದು ತಮ್ಮ ಹೇಳಿದ.

ಅಯ್ಯನವರು ಚಿವಡಾ ಅಗಿಯುವುದನ್ನು ನಿಲ್ಲಿಸಿದರು. "ಹಾಕಿದ ಕೂಡಲೇ ಸಾಯ್ತೈತಿ?"

"ಕೂಡಲೇ ಸಾಯ್ತೈತ್ರಿ."

"ನಾ ಮೂವತ್ತ ವರ್ಷದಿಂದ ಮಂತ್ರಾ ಹೇಳಾಕತ್ತೇನಿ, ಇನ್ನೂ ಒಂದ ಇಲಿ ಸತ್ತಿಲ್ಲೋ" ಎಂದು ಕುರ್ಚಿ ಎಳೆದು ಕುಳಿತರು. ಅಂದು ಕುಳಿತವರು ಏಳಲೇ ಇಲ್ಲ. ಮುಂದಿನ ರವಿವಾರದಿಂದ ನಾವು ಮೂವರು.

ಅವರು ನಮ್ಮನ್ನು ಹೆಸರು ಹಿಡಿದು ಕರೆದವರಲ್ಲ. ನಾನು ದೊಡ್ಡಾವ, ತಮ್ಮ ಸಣ್ಣಾವ. ಸಿಟ್ಟು ಬಂದರೆ ಇಬ್ಬರೂ ಖೋಡಿಗಳು. ಆಡುವಾಗ ಅವರಿಗೆ ಮುಖದಲ್ಲಿ ಏನನ್ನೂ ಮುಚ್ಚಿಡಲು ಬರುತ್ತಿರಲಿಲ್ಲ. ಒಳ್ಳೆಯ ಕಾರ್ಡು ಕೈಗೆ ಬಂತೆಂದರೆ ಮಂಗಳಾರತಿಗೆ ಮುಂಚೆ ಮಾಡುವಂತೆ ಗಂಟಲು ಸರಿ ಮಾಡಿಕೊಳ್ಳುತ್ತಿದ್ದರು. ತಮ್ಮ ಕೂಡಲೇ ತನ್ನ ಪ್ರಾಣಿಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. "ಈ ಸಣ್ಣಾವ ನನ್ನ ಮನಸಿನ್ಯಾಗ ಹೊಕ್ಕ ನೋಡ್ತಾನ" ಎಂದು ಅವರು ಕೊನೆಯವರೆಗೂ ನಂಬಿದ್ದರು. ನಾವು ಕಾರಣ ಹೇಳಲಿಲ್ಲ.

ಆದರೆ ಕಾನೂನಿನಲ್ಲಿ ಅವರು ಕಟ್ಟುನಿಟ್ಟು. ಆಟದ ನಿಯಮಗಳನ್ನು ಝೆರಾಕ್ಸ್ ಮಾಡಿಸಿ, ಪಂಚಾಂಗದಂತೆ ಸಾಲಿನ ಕೆಳಗೆ ಬೆರಳಿಟ್ಟು ದೊಡ್ಡ ದನಿಯಲ್ಲಿ ಓದುತ್ತಿದ್ದರು. ಇಂಗ್ಲಿಷನ್ನೂ ಸಂಸ್ಕೃತದ ರಾಗದಲ್ಲೇ. "ಮನಿ ಪೂಜಾದಾಗ ನಾಕ ಸಾಲ ನುಂಗಿದ್ರ ಯಾರಿಗೂ ಗೊತ್ತಾಗೂದಿಲ್ಲ. ಎಲ್ಲಾರ ಕಣ್ಣು ಪ್ರಸಾದದ ಮ್ಯಾಲಿರ್ತಾವ. ಇಲ್ಲಿ ಒಂದ ಶಬ್ದಾ ಬಿಟ್ರ ನೀವಿಬ್ರೂ ನನ್ನ ಹರದ ತಿಂತೀರಿ. ಹಿಂಗಾಗಿ ನನ್ನ ಖರೇ ಭಕ್ತಿ ಇಲ್ಲೇ" ಎನ್ನುತ್ತಿದ್ದರು.

ಅವರು ಬರುವ ಮುಂಚೆ ನಾವಿಬ್ಬರೂ ಒಂದು ವಿಷಯವನ್ನು ತಪ್ಪಾಗಿ ಆಡುತ್ತಿದ್ದೆವು. ಕೆಲವು ಮಂತ್ರಗಳಿಗೆ ಒಂದಕ್ಕಿಂತ ಹೆಚ್ಚು ಗುರಿ ಇರುತ್ತವೆ. ಇದು, ಇದು, ಇದು ಎಂದು ಮೂರು ಪ್ರಾಣಿಗಳನ್ನು ಮೊದಲೇ ಬೆರಳು ಮಾಡಿ ಹೇಳಬೇಕು. ಹೇಳಿದ ಮೇಲೆ ಬದಲಿಸುವಂತಿಲ್ಲ. ಮಂತ್ರ ಹೋಗಿ ತಾಕುವ ಮುಂಚೆ ಎದುರಿನವನಿಗೂ ಏನಾದರೂ ಮಾಡಲು ಅವಕಾಶವಿದೆ. ಅವನು ಆ ಮೂರರಲ್ಲಿ ಒಂದನ್ನು ಆಟದಿಂದ ಎತ್ತಿಕೊಂಡುಬಿಟ್ಟರೆ? ಒಂದು ಗುರಿ ತಪ್ಪಿತು, ಮಂತ್ರವೇ ಕೆಟ್ಟಿತು ಎಂದು ನಾವು ಕಾರ್ಡನ್ನು ಬದಿಗೆ ಹಾಕುತ್ತಿದ್ದೆವು.

ಅಯ್ಯನವರು ಆ ಪುಟ ಓದಿ ಹಣೆ ಬಡಿದುಕೊಂಡರು.

"ಲೇ ಖೋಡಿಗೋಳ್ರ್ಯಾ! ಮೂರೂ ಗುರಿ ಹೋದ್ರ ಅಷ್ಟ ಮಂತ್ರ ಕೆಡ್ತೈತಿ. ಒಂದ ಹೋದ್ರ ಉಳದ ಎರಡಕ್ಕ ಹತ್ತತೈತಿ."

"ಮತ್ತ ಹೋದದ್ದರ ಪೆಟ್ಟು? ಐದ ಪೆಟ್ಟು ಹಂಚಿರ್ತೀನಿ ನಾ. ಅದರ ಎರಡ ಪೆಟ್ಟು ಬಾಜೂದಕ್ಕ ಹಾಕ್ಲೇನು?" ತಮ್ಮ ಕೇಳಿದ.

"ಯಾಕ ಹಾಕ್ತಿ? ಊಟಕ್ಕ ಎಲಿ ಹಾಕಿ ಹೋಳಗಿ ಬಡಿಸಿದ್ರು. ಒಬ್ಬಾವ ಎದ್ದ ಹೋದ. ಅವನ ಎಲಿ ಮ್ಯಾಲಿನ ಹೋಳಗಿ ನಿನ್ನ ಎಲಿಗೆ ತಂದ ಹಾಕ್ತಾರೇನು? ಅದು ಹೋತು. ನಿನ್ನ ಹೋಳಗಿ ನೀ ತಿನ್ನು."

ಇದಾದ ಮೇಲೆ ನಾವು ಆ ನಿಯಮ ಎಂದೂ ಮರೆಯಲಿಲ್ಲ.

ಈಗ ನಮ್ಮ ಮನೆಯ ಕಥೆ ಹೇಳಬೇಕು. ನಾನು ಖಾನಾಪುರದಲ್ಲಿ ಒಂದು ಸಣ್ಣ ಮನೆ ಕಟ್ಟಿಸಿದೆ. ಅದರ ಗೇಟು, ಕಿಟಕಿಯ ಸರಳು, ಮೆಟ್ಟಿಲ ಕಟಾಂಜನ, ಎಲ್ಲ ತಮ್ಮನ ಕೈಯವು. ಡ್ಯೂಟಿ ಮುಗಿಸಿ ಬಂದು ಮಾಡಿಕೊಟ್ಟಿದ್ದ. ವಾಸ್ತುಶಾಂತಿಗೆ ಅಯ್ಯನವರನ್ನಲ್ಲದೆ ಇನ್ಯಾರನ್ನು ಕರೆಯುವುದು? ಬಂದರು. ಹಾಸಿದ ಜಮಖಾನದ ಮೇಲೆ ಎಲ್ಲರೂ ಸುತ್ತ ಕುಳಿತೆವು. ನನ್ನ ಹೆಂಡತಿಯ ಅಣ್ಣ ತಡವಾಗಿ ಬಂದ. ಅಯ್ಯನವರ ಎಡಗಡೆ ಒಂದು ಜಾಗ ಖಾಲಿಯಿತ್ತು, ಅಲ್ಲಿ ಕುಳಿತ. ಅವನ ಆಚೆ ನಾನು, ನನ್ನ ಹೆಂಡತಿ, ನಮ್ಮ ಸೋದರತ್ತೆ. ಸುತ್ತು ಮುಗಿಯುವಲ್ಲಿ, ಅಯ್ಯನವರ ಬಲಗಡೆ, ತಮ್ಮ.

ಪೂಜೆಯ ಮೊದಲಿಗೆ ಸಂಕಲ್ಪ. ಈ ಪೂಜೆಯ ಫಲ ಯಾರು ಯಾರಿಗೆ ಸಲ್ಲಬೇಕೋ ಅವರ ಹೆಸರುಗಳನ್ನು ಕೂಗಿ ಹೇಳುವುದು. ರೂಢಿಯಂತೆ ಮನೆಯ ಯಜಮಾನ, ಹೆಂಡತಿ, ಆಮೇಲೆ ಮನೆಯ ಒಡಹುಟ್ಟಿದವರು, ಕಡೆಗೆ ಬೀಗರು. ಇಷ್ಟು ವರ್ಷ ಅವರು ಹಾಗೆಯೇ ಹೇಳಿಕೊಂಡು ಬಂದವರು. ಆದರೆ ಅಂದು ಎದುರಿಗೆ ನಾವಿಬ್ಬರೂ ಕುಳಿತಿದ್ದೆವು ನೋಡಿ. ಅವರ ತಲೆ ಟಿಳಕವಾಡಿಯ ಮಾಳಿಗೆಗೆ ಹೋಯಿತು. ಅಲ್ಲಿ ಸರದಿ ಹೋಗುವುದು ಎಡಗಡೆಯಿಂದ. ಅಕ್ಷತೆ ಹಿಡಿದು, ಎಡಗಡೆಯಿಂದ ಶುರು ಮಾಡಿದರು. ನನ್ನ ಹೊಸ ಮನೆಯ ಪೂಜೆಯಲ್ಲಿ ಮೊದಲ ಹೆಸರು ನನ್ನ ಹೆಂಡತಿಯ ಅಣ್ಣನದು.

ತಮ್ಮ ಕೈ ಬಿಚ್ಚಿ ಅಕ್ಷತೆ ಕೆಳಗೆ ಬಿಟ್ಟ. "ಅಯ್ನಾರ, ಇದು ಯಾರ ಮನೀರಿ?"

"ನಿಮ್ದ. ತಡಿ, ಸುತ್ತಕೊಂಡ ಬರಾಕತ್ತೇನಿ."

"ಸುತ್ತಾಕ ಇದೇನು ಕಾರ್ಡೇನ್ರಿ? ಗೇಟ ಬೆಸದಾವ ನಾ. ಹೆಸರ ಮಾತ್ರ ಎಲ್ಲಾರದೂ ಆದ ಮ್ಯಾಲ, ಉಳದ್ರ ನಂದು!"

ಎದ್ದ. ಹೆಲ್ಮೆಟ್ಟು ತೆಗೆದುಕೊಂಡು ಹೊಸ್ತಿಲಲ್ಲಿ ಬೂಟು ಹಾಕತೊಡಗಿದ. ಅಯ್ಯನವರು ಅಲ್ಲಿಂದಲೇ ಉಳಿದ ಹೆಸರುಗಳನ್ನು ರೈಲು ಓಡಿಸಿದಂತೆ ಹೇಳಿ, ತಮ್ಮನ ಹೆಸರನ್ನು ಇಡೀ ಓಣಿಗೆ ಕೇಳುವಷ್ಟು ಜೋರಾಗಿ ಕೂಗಿದರು. ಆಗ ಅವನ ಒಂದೇ ಬೂಟು ಕಾಲಿಗೆ ಹೋಗಿತ್ತು. ಎರಡನೆಯದು ಹಾಕಿಕೊಂಡು ಗಾಡಿ ಚಾಲು ಮಾಡಿ ಹೋದ.

ಸೋದರತ್ತೆ ಸೆರಗು ಹಣೆಗೆ ಒತ್ತಿಕೊಂಡಳು. "ಪೂಜಾ ಮುರೀತ್ರೀ. ಹೆಸರ ಹೇಳಿದಾವ ಎದ್ದ ಹೋದ. ಎಲ್ಲಾ ಕೆಟ್ಟಂಗ. ಇನ್ನೊಂದ ದಿನಾ ನೋಡಿ ಮೊದಲಿಂದ ಮಾಡ್ರಿ."

"ಏನೂ ಕೆಟ್ಟಿಲ್ಲವಾ" ಎಂದರು ಅಯ್ಯನವರು, ಮುಖ ಮಾತ್ರ ಕೆಂಪಾಗಿತ್ತು. "ಹೋದಾವ ಹೋದ. ಉಳದವರು ಕುಂತೀರೋ ಇಲ್ಲೋ? ಉಳದವರಿಗೆ ಹತ್ತತೈತಿ."

"ಅವನ ಪಾಲಿನ ಪುಣ್ಯರೀ?"

"ಅದು ಯಾರಿಗೂ ಇಲ್ಲ. ಹಾಳಾಗಿ ಹೋತು."

"ಇದು ಯಾವ ಶಾಸ್ತ್ರದಾಗ ಐತ್ರಿ?"

ಅಯ್ಯನವರು ಸುಳ್ಳು ಹೇಳುವವರಲ್ಲ. ಒಂದು ಕ್ಷಣ ನನ್ನ ಮುಖ ನೋಡಿದರು. "ಪುಸ್ತಕದಾಗ ಐತಿ" ಎಂದರು.

"ಯಾವ ಪುಸ್ತಕ?"

"ದಪ್ಪಂದು. ನೀ ಗಂಟಿ ಬಾರಸವಾ, ಹೊತ್ತಾಗ್ತೈತಿ."

ಅತ್ತೆ ಗಂಟೆ ಬಾರಿಸಿದಳು. ಪೂಜೆ ಮುಗಿಯಿತು. ಊಟದಲ್ಲಿ ಅಯ್ಯನವರು ಹೋಳಿಗೆ ಬೇಡ ಎಂದರು. ಅವರು ಹೋಳಿಗೆ ಬೇಡ ಎಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ತಮ್ಮ ನನ್ನ ಮನೆಗೆ ಬರಲಿಲ್ಲ, ಟಿಳಕವಾಡಿಗೂ ಬರಲಿಲ್ಲ. ಫೋನು ಮಾಡಿದೆ. "ನಿನ್ನ ಭಾವನ್ನ ಕರಕೊಂಡ ಆಡು" ಎಂದು ಇಟ್ಟ. ಕಾರ್ಖಾನೆಯ ಗೇಟಿನಲ್ಲಿ ಕಾದೆ. ನನ್ನನ್ನು ಕಂಡು ಗಾಡಿಯ ವೇಗ ಹೆಚ್ಚಿಸಿದ. ನನಗೆ ಇರುವವನು ಅವನೊಬ್ಬ ತಮ್ಮ. ಅವನು ಬೆಸೆದ ಗೇಟನ್ನೇ ದಿನಾ ತೆಗೆದು ಹಾಕಿ ಮಾಡುತ್ತಿದ್ದೆ, ಅವನು ಮಾತ್ರ ಆ ಗೇಟಿನೊಳಗೆ ಬರುತ್ತಿರಲಿಲ್ಲ. ಬರುತ್ತಾನೋ ಇಲ್ಲವೋ ಎಂಬುದೊಂದೇ ತಲೆಯಲ್ಲಿ.

ಮಾಳಿಗೆಯ ಮೇಲೆ ನಾನು ಮತ್ತು ಅಯ್ಯನವರು ಇಬ್ಬರೇ ಆಡುತ್ತಿದ್ದೆವು. ಒಮ್ಮೆ ಧೈರ್ಯ ಮಾಡಿ ಹೇಳಿದೆ. "ಅಯ್ನಾರ, ನೀವು ಒಂದ ಸಲ ಅವಗ ತಪ್ಪಾತು ಅಂದಬಿಟ್ರ ಬರ್ತಾನ್ರಿ."

"ಏನ ತಪ್ಪಾಗೈತಿ? ಸುತ್ತು ಹಂಗಿತ್ತು. ನಿನ್ನ ಭಾವ ಬ್ಯಾರೆ ಕಡೆ ಕುಂತಿದ್ರ ಬ್ಯಾರೆ ಆಗ್ತಿತ್ತು."

"ಪೂಜಾದಾಗ ಸುತ್ತು ಎಲ್ಲಿಂದ ಬಂತ್ರಿ?"

"ನೀ ಕಾರ್ಡ ಹಾಕು."

ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಶುರು ಮಾಡಿದರು. "ಹೆಸರ ಕೂಗಿದಾಗ ಅಂವ ಹೊಸ್ತಲದ ಒಳಗ ಇದ್ದ. ಒಂದ ಕಾಲಾಗ ಬೂಟ ಇರಲಿಲ್ಲ, ನಾ ನೋಡೇನಿ. ಅಂದ್ರ ಗುರಿ ಸರಿ ಇತ್ತು. ಲೆಕ್ಕಕ್ಕ ಅಂವ ಪೂಜಾದಾಗ ಇದ್ದಾವನ."

"ತಿರುಗಿ ಬಂದ್ರ ಆ ಫಲ ಅವಗ ಹತ್ತತೈತೇನ್ರಿ?"

ಅವರು ಝೆರಾಕ್ಸ್ ತೆಗೆಯಲಿಲ್ಲ. ಆ ಸಾಲು ಅವರಿಗೆ ಬಾಯಿಪಾಠ. "ಇಲ್ಲೋ. ಆಟ ಬಿಟ್ಟ ಹೋಗಿ ತಿರುಗಿ ಬಂದ ಕಾರ್ಡು ಹೊಸಾ ಕಾರ್ಡು. ಮದಲಿನ ಮಂತ್ರಕ್ಕ ಅದರ ಗುರ್ತ ಇರೂದಿಲ್ಲ. ಹಳೇದು ಏನೂ ಹತ್ತೂದಿಲ್ಲ. ಆಶೀರ್ವಾದನೂ ಇಲ್ಲ, ಸಿಟ್ಟೂ ಇಲ್ಲ."

"ಸಿಟ್ಟು ಅಂತ ಪುಸ್ತಕದಾಗ ಐತ್ರಿ?"

"ಅದನ್ನ ನಾ ಸೇರಿಸೇನಿ. ಹಾಕೋ ಕಾರ್ಡು."

ಅವರು ಕಾಕತಿಗೆ ಹೋಗುತ್ತಿದ್ದಾರೆ ಎಂದು ನನಗೆ ಗೊತ್ತಾದದ್ದು ಬೇರೆಯವರಿಂದ. ಆ ಕಡೆ ಎಲ್ಲಿ ಪೂಜೆಯಿದ್ದರೂ ಮುಗಿಸಿ, ಕರೆಯದಿದ್ದರೂ ತಮ್ಮನ ಮನೆಗೆ ಹೋಗಿ ಕುಳಿತುಬಿಡುವರಂತೆ. ಪೂಜೆಯಲ್ಲಿ ತಡೆಯದೆ ಕುಳಿತ ನನ್ನ ಮೇಲೆ ತಮ್ಮನಿಗೆ ಎಷ್ಟು ಸಿಟ್ಟಿತ್ತೋ ಅಷ್ಟೇ ಅವರ ಮೇಲೂ ಇತ್ತು. ಆದರೆ ಮನೆಗೆ ಬಂದ ಅಯ್ಯನವರಿಗೆ ಊಟ ಹಾಕದೆ ಕಳಿಸುವುದು ಹೇಗೆ? ಅವನ ಹೆಂಡತಿ ರೊಟ್ಟಿ ತಟ್ಟುವಳು. ಇವರು ಜುಣಕದ ಜೊತೆ ಉಂಡು, ಹವಾ ಬಗ್ಗೆ, ರಸ್ತೆ ಬಗ್ಗೆ ಮಾತಾಡಿ, ಎಲೆಯಡಿಕೆ ಹಾಕಿಕೊಂಡು ಎದ್ದು ಬರುವರು. ನನ್ನ ಹೆಸರು ಎತ್ತುತ್ತಿರಲಿಲ್ಲ, ಪೂಜೆಯ ಹೆಸರೂ ಎತ್ತುತ್ತಿರಲಿಲ್ಲ. ಉಣ್ಣುವುದಕ್ಕೇ ಹೋಗುತ್ತಾರೆ ಎಂದು ನಾನೂ ತಿಳಿದಿದ್ದೆ. ಅವರ ಹೊಟ್ಟೆ ನೋಡಿದ ಯಾರಾದರೂ ಹಾಗೆಯೇ ತಿಳಿಯಬೇಕು.

ಅವರು ತೀರಿಕೊಂಡದ್ದು ಬಸ್ಸಿನಲ್ಲಿ. ಬೆಳಗಾವಿಯಲ್ಲಿ ಯಾರದೋ ಗಣಹೋಮದ ಊಟ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಕುಳಿತಿದ್ದರು. ಕಿಟಕಿಗೆ ತಲೆ ಒರಗಿಸಿ ಬಾಯಿ ತೆರೆದು ಮಲಗುವುದು ಅವರ ರೂಢಿ. ಹೀಗಾಗಿ ದಾರಿಯುದ್ದಕ್ಕೂ ಯಾರಿಗೂ ಅನುಮಾನ ಬರಲಿಲ್ಲ. ಖಾನಾಪುರ ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಅಯ್ನಾರ, ಊರ ಬಂತ್ರಿ, ಏಳ್ರಿ" ಎಂದು ಮೂರು ಸಲ ಹೇಳಿದನಂತೆ, ನಾಲ್ಕನೆಯ ಸಲ ಬೈದನಂತೆ. ಆಮೇಲೆ ಅವನೇ ಅಳುತ್ತ ಮನೆಗೆ ಸುದ್ದಿ ತಂದ.

ಮರುದಿನ ಸಮಾಧಿ. ಅವರನ್ನು ಕುಳ್ಳಿರಿಸಿಯೇ ಒಯ್ದರು, ಕುಳ್ಳಿರಿಸಿಯೇ ಮಣ್ಣಿಗೆ ಇಳಿಸಿದರು, ನಮ್ಮಲ್ಲಿ ಹಾಗೆ. ಹಣೆ ತುಂಬ ವಿಭೂತಿ, ಕತ್ತು ಒಂದಿಷ್ಟು ಮುಂದೆ ಬಾಗಿತ್ತು. ಕೈಯಲ್ಲಿನ ಕಾರ್ಡು ನೋಡುವಾಗ ಹೀಗೆಯೇ ಕುಳಿತಿರುತ್ತಿದ್ದರು. ಕುಣಿಯ ಆಚೆ ಬದಿಗೆ ತಮ್ಮ ನಿಂತಿದ್ದ. ಕೆಲಸದ ಬಟ್ಟೆಯಲ್ಲೇ ಬಂದಿದ್ದ. ನಾನು ನೋಡಿದೆ, ಅವನು ಕುಣಿಯನ್ನು ನೋಡಿದ.

ಕಾವಿ ಚೀಲವನ್ನು ಅವರ ಜೊತೆಗೇ ಇಡಬೇಕೆಂದು ಯಾರೋ ತಂದರು. ಒಳಗಿನ ಡಬ್ಬಿ ಕಂಡು ಹಿರಿಯರಲ್ಲಿ ಗುಸುಗುಸು ಶುರುವಾಯಿತು. ರಾಕ್ಷಸರ ಚಿತ್ರ ಸಮಾಧಿಯಲ್ಲಿ ಹಾಕಬಹುದೋ ಬಾರದೋ? ಕಡೆಗೆ ಅಯ್ಯನವರ ಹೆಂಡತಿಯನ್ನು ಕೇಳಿದರು. ಆ ತಾಯಿ ಮೂಗು ಒರೆಸಿಕೊಂಡು, "ಬ್ಯಾಡ ಬಿಡ್ರಿ, ತಗೀರಿ ಅದನ್ನ. ಅಲ್ಲೆ ಹೋಗಿ ಮತ್ತ ಯಾರ ಜೋಡಿರೆ ಜಗಳಾ ತಗೀತಾರ" ಎಂದರು.

ಮಣ್ಣು ಮುಚ್ಚಿ ಜನ ಚದುರುವಾಗ ಆ ತಾಯಿ ತಮ್ಮನನ್ನು ಕರೆದರು. ನಾನು ಪಕ್ಕದಲ್ಲೇ ಇದ್ದೆ.

"ಕಾಕತಿಯಾವ ನೀನ ಅಲ್ಲೇನು? ಸಣ್ಣಾವ?"

"ಹೌದ್ರಿ ಅವ್ವಾರ."

"ನಿಮ್ಮ ಮನಿಗೆ ಬರೂ ದಿನಾ ಮುಂಜಾನೆ ಕನ್ನಡಿ ಮುಂದ ನಿಂತ ಬಾಯಿಪಾಠ ಮಾಡಾವ್ರು. 'ತಮ್ಮಾ, ನಿನ್ನ ಹೆಸರ ಮದಲ ಹೇಳಬೇಕಾಗಿತ್ತು, ನಂದ ತಪ್ಪಾತು.' ನಾ ಒಳಗಿಂದ ಕೇಳೇ ಕೇಳ್ತಿದ್ದೆ. ಸಂಜಿಗೆ ಬಂದ ಕೂಡಲೇ, 'ಹೇಳಿದ್ರೇನ್ರೀ?' ಅಂತಿದ್ದೆ. 'ಇಲ್ಲ, ಜುಣಕಾ ಭಾಳ ರುಚಿ ಆಗಿತ್ತು' ಅಂತಿದ್ರು."

ತಮ್ಮ ಫಕ್ಕನೆ ನಕ್ಕುಬಿಟ್ಟ, ಮಸಣದಲ್ಲಿ, ಅಷ್ಟು ಜನರ ನಡುವೆ. ಹಿರಿಯರು ತಿರುಗಿ ನೋಡಿದರು. ನಗುತ್ತಲೇ ಕುಕ್ಕರಿಸಿ ಕುಳಿತ, ತೋಳಿನಲ್ಲಿ ಮುಖ ಹುದುಗಿಸಿದ. ಭುಜ ಅಲುಗುವುದು ನಿಲ್ಲಲು ಬಹಳ ಹೊತ್ತು ಬೇಕಾಯಿತು. ನಾನು ಹತ್ತಿರ ಹೋಗಿ ನಿಂತೆ. ಅವನು ಎದ್ದು, ಮಣ್ಣು ಝಾಡಿಸಿಕೊಂಡು, ನನ್ನನ್ನು ದಾಟಿ ಹೋದ.

ಅದರ ಮುಂದಿನ ರವಿವಾರ ನಾನು ಟಿಳಕವಾಡಿಗೆ ಹೋದೆ. ಆಡಲು ಅಲ್ಲ, ಮನೆಯಲ್ಲಿ ಕುಳಿತಿರಲು ಆಗಲಿಲ್ಲ. ಮಾಳಿಗೆ ಹತ್ತಿದರೆ ತಮ್ಮ ಮೊದಲೇ ಬಂದು ತನ್ನ ಕುರ್ಚಿಯಲ್ಲಿ ಕುಳಿತಿದ್ದ. ಎದುರಿಗೆ ಅವನ ಕಾರ್ಡುಗಳ ಕಟ್ಟು. ನನ್ನನ್ನು ನೋಡಿ, ಕಾಲಿನಿಂದ ನನ್ನ ಕುರ್ಚಿಯನ್ನು ಸ್ವಲ್ಪ ಹಿಂದೆ ನೂಕಿದ. ಕುಳಿತೆ. ಕಲೆಸಿದೆವು, ಆಡಿದೆವು, ಒಂದೂ ಮಾತಿಲ್ಲ. ಕೆಳಗೆ ಅಂಗಡಿಯಲ್ಲಿ ಯಾರೋ ಕ್ರಿಕೆಟ್ ಚೆಂಡಿಗಾಗಿ ಚೌಕಾಸಿ ಮಾಡುತ್ತಿದ್ದರು.

ನಾನು ಎರಡು ಪ್ರಾಣಿಗಳನ್ನು ಇಳಿಸಿ ಕೈ ಹಿಂದೆ ತೆಗೆದೆ. ನನ್ನ ಸರದಿ ಮುಗಿದಿತ್ತು. ತಮ್ಮ ಕಾರ್ಡು ಎತ್ತಲಿಲ್ಲ. ಯಾಕೆಂದು ನಾನೂ ಕೇಳಲಿಲ್ಲ, ಯಾಕೆಂದರೆ ನಾನೂ ಕಾಯುತ್ತಿದ್ದೆ. ನನ್ನ ಮತ್ತು ಅವನ ನಡುವಿನ ಕುರ್ಚಿಯವರು ಆಡಲಿ ಎಂದು ಇಬ್ಬರೂ ಕುಳಿತಿದ್ದೆವು. ಫ್ಯಾನು ತಿರುಗುತ್ತಿತ್ತು. ಚೆಂಡಿನ ಚೌಕಾಸಿ ಮುಗಿದು ಗಿರಾಕಿ ಹೋದ.

"ಅಣ್ಣಾ" ಎಂದ ತಮ್ಮ. ಮೂರು ವರ್ಷದ ಮೇಲೆ ಕೇಳಿದೆ ಆ ಮಾತನ್ನು. "ನಾ ಆಡ್ಲೇನು?"

"ಆಡು" ಎಂದೆ.

ಒಂದೇ ಮಂತ್ರದಲ್ಲಿ ನನ್ನ ಎರಡೂ ಪ್ರಾಣಿಗಳನ್ನು ಕೊಂದ.